ಚೀಟಿಗಳು ಹೇಳುವ ಲೆಕ್ಕ: ಜಿಲ್ಲಾಸ್ಪತ್ರೆಯ ಸಾಧನೆಯನ್ನು ಯಾವುದರಿಂದ ಅಳೆಯಬೇಕು?

ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಯನ್ನು ಊರಿನವರು ಸಿ.ಜಿ. ಆಸ್ಪತ್ರೆ ಎನ್ನುತ್ತಾರೆ, ಹಳ್ಳಿಗಳಿಂದ ಬರುವವರು ದೊಡ್ಡಾಸ್ಪತ್ರೆ ಎನ್ನುತ್ತಾರೆ. ಜಗಳೂರು ಕಡೆಯಿಂದ ಮುಂಜಾನೆಯ ಬಸ್ಸು ಹತ್ತಿ ಬಂದವರು ಗೇಟಿನ ಬಳಿ ಮೊದಲು ಕೇಳುವ ಮಾತು ‘ಚೀಟಿ ಎಲ್ಲಿ ಮಾಡಿಸೋದು?’ ಎಂಬುದು. ಸರ್ಕಾರಿ ಆಸ್ಪತ್ರೆಯೊಳಗಿನ ರೋಗಿಯ ಓಡಾಟವೆಲ್ಲ ಚೀಟಿಯಿಂದ ಚೀಟಿಗೆ ನಡೆಯುತ್ತದೆ. ಹೊರರೋಗಿ ಚೀಟಿ, ರಕ್ತಪರೀಕ್ಷೆಯ ಚೀಟಿ, ಔಷಧಿ ಚೀಟಿ, ಒಳಗೆ ಸಿಗದ ಔಷಧಿಗೆ ಹೊರಗಿನ ಚೀಟಿ, ಇಲ್ಲಿ ಆಗುವುದಿಲ್ಲ ಎಂದಾಗ ರೆಫರಲ್ ಚೀಟಿ, ಗುಣವಾದ ಮೇಲೆ ಬಿಡುಗಡೆ ಚೀಟಿ. ಜಿಲ್ಲಾಸ್ಪತ್ರೆಯೊಂದು ಚೆನ್ನಾಗಿ ನಡೆಯುತ್ತಿದೆಯೋ ಇಲ್ಲವೋ ಎಂಬುದನ್ನು ಮೊದಲ ಚೀಟಿಗಳ ಸಂಖ್ಯೆಯಿಂದ ತಿಳಿಯಲಾಗದು, ಕೊನೆಯ ಮೂರು ಚೀಟಿಗಳನ್ನು ಎಣಿಸಿದರೆ ಮಾತ್ರ ತಿಳಿಯುತ್ತದೆ ಎಂಬುದು ನನ್ನ ವಾದ. ನಮ್ಮಲ್ಲಿ ಎಣಿಸುವುದು, ಎಣಿಸಿ ಸಭೆಯಲ್ಲಿ ಓದುವುದು ಬಹುತೇಕ ಮೊದಲ ಚೀಟಿಗಳನ್ನೇ.

ಜಿಲ್ಲಾ ಮಟ್ಟದ ಪ್ರಗತಿ ಪರಿಶೀಲನಾ ಸಭೆ ಎಲ್ಲಿಯೇ ನಡೆಯಲಿ, ಆರೋಗ್ಯದ ವಿಷಯ ಬಂದಾಗ ಚರ್ಚೆ ಎರಡು ದಡಗಳ ನಡುವೆ ತುಯ್ದಾಡುತ್ತದೆ. ಒಂದು ಕಡೆ ಹೊರರೋಗಿಗಳು ಇಷ್ಟು, ಒಳರೋಗಿಗಳು ಇಷ್ಟು, ಹೆರಿಗೆ ಇಷ್ಟು ಎಂಬ ವರದಿ. ಇನ್ನೊಂದು ಕಡೆ ಶೌಚಾಲಯ, ಕುಡಿಯುವ ನೀರು, ಲಿಫ್ಟು, ಕೆಟ್ಟು ನಿಂತ ಯಂತ್ರಗಳ ಬಗ್ಗೆ ಜನಪ್ರತಿನಿಧಿಗಳ ಅಸಮಾಧಾನ. ಎರಡೂ ಬೇಕಾದ ಮಾತುಗಳೇ. ಆದರೆ ಚಿಕಿತ್ಸೆಗೆಂದು ಬಂದ ರೋಗಿಗೆ ಕೊನೆಗೆ ಏನಾಯಿತು, ಅವನ ಕೈಯಿಂದ ಎಷ್ಟು ಹಣ ಹೋಯಿತು, ಎಷ್ಟು ಸಲ ಅಲೆದ, ಎಲ್ಲಿಗೆ ಸಾಗಹಾಕಲ್ಪಟ್ಟ ಎಂಬುದು ಎರಡರ ನಡುವೆ ಜಾರಿಹೋಗುತ್ತದೆ.

ಹಾಸಿಗೆಗಳ ಲೆಕ್ಕವನ್ನೇ ಮೊದಲು ನೋಡೋಣ, ಏಕೆಂದರೆ ಮಧ್ಯ ಕರ್ನಾಟಕದಲ್ಲಿ ಈ ಲೆಕ್ಕವೇ ನಮ್ಮನ್ನು ಹೆಚ್ಚು ದಾರಿ ತಪ್ಪಿಸುತ್ತದೆ. ನೀತಿ ಆಯೋಗವು 2021ರಲ್ಲಿ ದೇಶದ 707 ಜಿಲ್ಲಾಸ್ಪತ್ರೆಗಳ ಕಾರ್ಯಕ್ಷಮತೆಯ ವರದಿಯನ್ನು ಪ್ರಕಟಿಸಿತು. 1 ಲಕ್ಷ ಜನರಿಗೆ ಜಿಲ್ಲಾಸ್ಪತ್ರೆಯಲ್ಲಿ ಕನಿಷ್ಠ 22 ಹಾಸಿಗೆ ಇರಬೇಕೆಂಬುದು ಆ ವರದಿ ಬಳಸಿಕೊಂಡ ಮಾನದಂಡ, ದೇಶದ ಸರಾಸರಿ 24. ಒಂಬೈನೂರಕ್ಕೂ ಹೆಚ್ಚು ಹಾಸಿಗೆಗಳ ಸಿ.ಜಿ. ಆಸ್ಪತ್ರೆಯನ್ನು ಈ ತಕ್ಕಡಿಯಲ್ಲಿಟ್ಟರೆ ಫಲಿತಾಂಶ ಬೆರಗು ಹುಟ್ಟಿಸುತ್ತದೆ. 2011ರ ಜನಗಣತಿಯಂತೆ ದಾವಣಗೆರೆ ಜಿಲ್ಲೆಯ ಜನಸಂಖ್ಯೆ 19.45 ಲಕ್ಷ. ಬೇರೆಯಾಗಿ ಹೋದ ಹರಪನಹಳ್ಳಿ ತಾಲ್ಲೂಕಿನ ಸುಮಾರು 3 ಲಕ್ಷ ಜನರನ್ನು ಕಳೆದರೆ ಲಕ್ಷಕ್ಕೆ 50ಕ್ಕೂ ಹೆಚ್ಚು ಹಾಸಿಗೆಗಳು ಸಿಗುತ್ತವೆ. ಕಾಗದದ ಮೇಲೆ ಇದು ಸಮೃದ್ಧಿ.

ಆದರೆ ರೋಗಿಗಳು ಜಿಲ್ಲೆಯ ಗಡಿ ನೋಡಿ ಬರುವುದಿಲ್ಲ. ಹರಪನಹಳ್ಳಿ 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಇಷ್ಟೆಲ್ಲ ಆದರೂ ಅಲ್ಲಿನವರಿಗೆ ಹತ್ತಿರದ ದೊಡ್ಡ ಊರು ದಾವಣಗೆರೆಯೇ. ಆಸ್ಪತ್ರೆಯ ಹೆಸರಿನಲ್ಲಿರುವ ಚಿಗಟೇರಿ ಎಂಬ ಊರು ಇರುವುದೂ ಹರಪನಹಳ್ಳಿ ತಾಲ್ಲೂಕಿನಲ್ಲಿಯೇ ಎಂಬುದನ್ನು ಇಲ್ಲಿ ನೆನೆಯಬೇಕು. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕಡೆಯವರಿಗೂ, ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆಯ ಅಂಚಿನ ಹಳ್ಳಿಗಳಿಗೂ ದಾವಣಗೆರೆಯ ದಾರಿಯೇ ರೂಢಿ. ಹೀಗಾಗಿ ಭಾಜಕದಲ್ಲಿ ಒಂದು ಜಿಲ್ಲೆಯ ಜನರನ್ನು ಇಟ್ಟುಕೊಂಡು, ವಾರ್ಡಿನಲ್ಲಿ ನಾಲ್ಕು ಜಿಲ್ಲೆಗಳ ರೋಗಿಗಳನ್ನು ಮಲಗಿಸಿದರೆ ಸಿಗುವ ಸರಾಸರಿಗೆ ಅರ್ಥವಿರುವುದಿಲ್ಲ. ಸಿಬ್ಬಂದಿ ಮಂಜೂರಾತಿ, ಔಷಧಿ ಅನುದಾನ, ಶುಚಿತ್ವದ ಗುತ್ತಿಗೆ ಎಲ್ಲವೂ ಜಿಲ್ಲೆಯ ಚೌಕಟ್ಟಿನೊಳಗೆ ನಿರ್ಧಾರವಾಗುವ ತನಕ ಇಂಥ ಪ್ರಾದೇಶಿಕ ಆಸ್ಪತ್ರೆಗಳು ತಮ್ಮ ಮೇಲೆ ಬೀಳುವ ಭಾರಕ್ಕಿಂತ ಕಡಿಮೆ ಬಲದಲ್ಲೇ ದುಡಿಯಬೇಕಾಗುತ್ತದೆ. ರೋಗಿಯ ತಾಲ್ಲೂಕು ಯಾವುದೆಂದು ನೋಂದಣಿ ಚೀಟಿಯಲ್ಲೇ ಬರೆದಿರುತ್ತದೆ. ವರ್ಷಕ್ಕೊಮ್ಮೆ ಅದನ್ನು ಒಟ್ಟುಗೂಡಿಸಿ ಅನುದಾನಕ್ಕೆ ಆಧಾರವಾಗಿಸುವುದು ಕಷ್ಟದ ಕೆಲಸವಲ್ಲ.

ಹಾಸಿಗೆ ಎಷ್ಟು ಭರ್ತಿಯಾಗಿದೆ ಎಂಬ ಅಳತೆಗೂ ಇದೇ ಎಚ್ಚರಿಕೆ ಬೇಕು. ಒಳರೋಗಿಗಳು ಕಳೆದ ಒಟ್ಟು ದಿನಗಳನ್ನು ಹಾಸಿಗೆಗಳ ಸಂಖ್ಯೆ ಮತ್ತು ತಿಂಗಳ ದಿನಗಳ ಗುಣಲಬ್ಧದಿಂದ ಭಾಗಿಸಿ ಶೇಕಡಾವಾರು ತೆಗೆಯುತ್ತಾರೆ, ಶೇ 80ರಿಂದ 85ರಷ್ಟು ಬಂದರೆ ಒಳ್ಳೆಯದೆಂದು ಭಾವಿಸುತ್ತಾರೆ. ಮೂಳೆ ಮುರಿದು ಬಂದವನಿಗೆ ಎರಡನೇ ದಿನವೇ ಶಸ್ತ್ರಚಿಕಿತ್ಸೆ ಆಗಿ ಆರನೇ ದಿನ ಮನೆಗೆ ಹೋದರೂ ಹಾಸಿಗೆ ಭರ್ತಿ. ಮೂಳೆಗೆ ಕೂರಿಸುವ ಇಂಪ್ಲಾಂಟ್ ಬರಲಿಲ್ಲ, ಅರಿವಳಿಕೆ ವೈದ್ಯರು ಸಿಗಲಿಲ್ಲ, ಸರ್ಕಾರದ ಆರೋಗ್ಯ ಯೋಜನೆಯ ಮಂಜೂರಾತಿ ಬರಲಿಲ್ಲ ಎಂದು ಹನ್ನೆರಡು ದಿನ ಕಾದು ಮಲಗಿದ್ದರೂ ಹಾಸಿಗೆ ಭರ್ತಿ. ಎರಡನೆಯದರಲ್ಲಿ ಶೇಕಡಾವಾರು ಇನ್ನೂ ಚೆನ್ನಾಗಿಯೇ ಕಾಣುತ್ತದೆ. ದಾಖಲಾತಿಯಿಂದ ಶಸ್ತ್ರಚಿಕಿತ್ಸೆಯವರೆಗೆ ಎಷ್ಟು ದಿನ ಕಳೆಯಿತು ಎಂಬುದನ್ನು ಪಕ್ಕದಲ್ಲಿಡದೆ ಭರ್ತಿಯ ಪ್ರಮಾಣವನ್ನು ಸಾಧನೆಯೆಂದು ಹೇಳಿಕೊಳ್ಳಲಾಗದು.

ಇನ್ನು ವೈದ್ಯರ ವಿಷಯ. ನೀತಿ ಆಯೋಗದ ಅದೇ ವರದಿಯ ಪ್ರಕಾರ ಹಾಸಿಗೆಗಳ ಸಂಖ್ಯೆಗೆ ತಕ್ಕಷ್ಟು ವೈದ್ಯರಿದ್ದದ್ದು ಶೇ 27ರಷ್ಟು ಜಿಲ್ಲಾಸ್ಪತ್ರೆಗಳಲ್ಲಿ ಮಾತ್ರ. ದಾವಣಗೆರೆಯಲ್ಲಿ ಈ ಪ್ರಶ್ನೆಗೆ ಬೇರೆಯದೇ ಆದ ಒಂದು ಮಗ್ಗುಲಿದೆ. 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಖಾಸಗಿ ವಿದ್ಯಾಸಂಸ್ಥೆಯದು. ಅದರ ವಿದ್ಯಾರ್ಥಿಗಳು ರೋಗಿಗಳ ಬಳಿ ನಿಂತು ಕಲಿಯುವ ಜಾಗಗಳಲ್ಲಿ ಸರ್ಕಾರದ ಜಿಲ್ಲಾಸ್ಪತ್ರೆಯೂ ಒಂದು. ಇದರಿಂದ ಆಸ್ಪತ್ರೆಗೆ ಆದ ಲಾಭ ಸಣ್ಣದಲ್ಲ. ಬೇರೆ ಜಿಲ್ಲಾಸ್ಪತ್ರೆಗಳಲ್ಲಿ ರಾತ್ರಿ ಪಾಳಿಗೆ ಒಬ್ಬ ಡ್ಯೂಟಿ ಡಾಕ್ಟರು ಇದ್ದರೆ ಪುಣ್ಯ ಎಂಬ ಸ್ಥಿತಿ ಇರುವಾಗ, ಇಲ್ಲಿ ಪ್ರಾಧ್ಯಾಪಕರು, ಸ್ನಾತಕೋತ್ತರ ಓದುವ ಪಿ.ಜಿ.ಗಳು, ಎಂ.ಬಿ.ಬಿ.ಎಸ್. ಓದು ಮುಗಿಸಿ ತರಬೇತಿಯಲ್ಲಿರುವ ಹೌಸ್ ಸರ್ಜನ್‌ಗಳು ವಾರ್ಡುಗಳಲ್ಲಿ ಓಡಾಡುತ್ತಾ ಬಂದಿದ್ದಾರೆ. ಹಳ್ಳಿಯ ಬಡವನೊಬ್ಬನಿಗೆ ತಜ್ಞರ ಕಣ್ಣು ಬೀಳುವುದು ಈ ಏರ್ಪಾಟಿನಿಂದ ಸಾಧ್ಯವಾಯಿತು.

ಆದರೆ ಸರ್ಕಾರದ ಆಸ್ಪತ್ರೆಯಲ್ಲಿ ಖಾಸಗಿ ಕಾಲೇಜಿನ ವೈದ್ಯರು ದುಡಿಯುವಾಗ ಹೊಣೆ ಯಾರದು ಎಂಬ ಗೆರೆ ಮಸುಕಾಗುತ್ತದೆ. 2020ರಲ್ಲಿ, ಕೋವಿಡ್ ನಡುವೆಯೇ, ಸರ್ಕಾರಿ ಕೋಟಾದಡಿ ಸೇರಿದ ಹೌಸ್ ಸರ್ಜನ್‌ಗಳು ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಬಾಕಿ ಉಳಿದ ಶಿಷ್ಯವೇತನಕ್ಕಾಗಿ ದಾವಣಗೆರೆಯಲ್ಲಿ ಧರಣಿ ಕುಳಿತದ್ದು ಅನೇಕರಿಗೆ ನೆನಪಿರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದವರಿಗೆ ಸರ್ಕಾರ ಕೊಡಬೇಕೋ, ಓದಿಸುವ ಕಾಲೇಜು ಕೊಡಬೇಕೋ ಎಂಬುದು ಆ ವಿವಾದದ ತಿರುಳು. ರೋಗಿಯ ಕಡೆಯಿಂದ ನೋಡಿದರೆ ಅದರಲ್ಲಿ ಇನ್ನೊಂದು ಪ್ರಶ್ನೆ ಅಡಗಿತ್ತು: ವಾರ್ಡಿನ ದಿನನಿತ್ಯದ ದುಡಿಮೆ ಇಷ್ಟರಮಟ್ಟಿಗೆ ಕಲಿಯುವವರ ಮೇಲೆ ನಿಂತಿದ್ದರೆ, ಅವರು ಒಂದು ವಾರ ಹೊರಗುಳಿದಾಗ ಆಸ್ಪತ್ರೆಗೆ ತನ್ನದೆಂದು ಉಳಿಯುವ ಬಲ ಎಷ್ಟು?

ಅರುವತ್ತು ಕಿಲೋಮೀಟರು ಆಚೆಗಿರುವ ಚಿತ್ರದುರ್ಗ ಈಗ ಬೇರೊಂದು ಹಾದಿಯ ಆರಂಭದಲ್ಲಿದೆ. ಬಹುಕಾಲದ ಬೇಡಿಕೆಯ ನಂತರ 2023ರಲ್ಲಿ ಅಲ್ಲಿ 150 ಸೀಟುಗಳ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು, ಜಿಲ್ಲಾಸ್ಪತ್ರೆಯೇ ಅದರ ಬೋಧಕ ಆಸ್ಪತ್ರೆ. ಇಂಥ ಪರಿವರ್ತನೆಯಲ್ಲಿ ಜನ ಕಾಣುವುದು ಕಟ್ಟಡ ಮತ್ತು ಬೋರ್ಡು. ಒಳಗೆ ನಡೆಯುವುದು ಎರಡು ಇಲಾಖೆಗಳ ಹೊಂದಾಣಿಕೆ. ಜಿಲ್ಲಾಸ್ಪತ್ರೆಯ ತಜ್ಞರು, ಶುಶ್ರೂಷಕಿಯರು ಆರೋಗ್ಯ ಇಲಾಖೆಯವರು. ಕಾಲೇಜಿನ ಪ್ರಾಧ್ಯಾಪಕರು ವೈದ್ಯಕೀಯ ಶಿಕ್ಷಣ ಇಲಾಖೆಯವರು. ಒಂದೇ ಶಸ್ತ್ರಚಿಕಿತ್ಸಾ ಕೊಠಡಿ, ಒಂದೇ ಔಷಧಿ ದಾಸ್ತಾನು, ಎರಡು ಹಾಜರಿ ಪುಸ್ತಕ. ಹಿಂದೆ ಇಂಥ ಕಾಲೇಜುಗಳು ಬಂದ ಜಿಲ್ಲೆಗಳಲ್ಲಿ ಮೊದಲ ಕೆಲವು ವರ್ಷ ಗೊಂದಲ ಸಹಜವೆಂಬಂತೆ ಸಹಿಸಿಕೊಂಡದ್ದುಂಟು. ಚಿತ್ರದುರ್ಗಕ್ಕೆ ಆ ಸಹನೆ ದುಬಾರಿಯಾದೀತು. ಮೊಳಕಾಲ್ಮೂರು, ಚಳ್ಳಕೆರೆ, ಹಿರಿಯೂರು, ಹೊಸದುರ್ಗದಂಥ ಮಳೆ ಕಡಿಮೆಯ, ದೂರ ದೂರದ ತಾಲ್ಲೂಕುಗಳಿಗೆ ಕೈಗೆಟಕುವ ಖಾಸಗಿ ತಜ್ಞರು ಕಡಿಮೆ. ಕಾಲೇಜು ಬಂದದ್ದರ ಫಲ ಅಲ್ಲಿನವರಿಗೆ ಸಿಕ್ಕಿತೇ ಎಂಬುದನ್ನು ಎಷ್ಟು ಜನ ಎಂ.ಬಿ.ಬಿ.ಎಸ್. ಮುಗಿಸಿದರು ಎಂಬುದಕ್ಕಿಂತ ದಾವಣಗೆರೆ, ಬೆಂಗಳೂರುಗಳಿಗೆ ಹೋಗುವ ಆಂಬುಲೆನ್ಸುಗಳು ಎಷ್ಟು ಕಡಿಮೆಯಾದವು ಎಂಬುದರಿಂದ ನೋಡಬೇಕು.

ಈಗ ಚೀಟಿಗಳಿಗೆ ಮರಳೋಣ. ಹೊರರೋಗಿ ಚೀಟಿಯ ಸರದಿ ಈಚೆಗೆ ಸ್ವಲ್ಪ ಹಗುರವಾಗಿದೆ. 2022ರಿಂದ ಅನೇಕ ಸರ್ಕಾರಿ ಆಸ್ಪತ್ರೆಗಳಲ್ಲಿ ಮೊಬೈಲಿನಿಂದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಟೋಕನ್ ಪಡೆಯುವ ವ್ಯವಸ್ಥೆ ಬಂದಿದೆ. ಆದರೆ ಕಾಯುವುದು ಕೌಂಟರಿನಿಂದ ಒಳಗಿನ ಬಾಗಿಲಿಗೆ ಸರಿಯಿತು, ಅಷ್ಟೆ. ಬೆಳಿಗ್ಗೆ ವೈದ್ಯರನ್ನು ಕಂಡು, ರಕ್ತ ಕೊಟ್ಟು, ವರದಿ ಮಧ್ಯಾಹ್ನದ ನಂತರ ಎಂದಾಗ, ವರದಿ ಹಿಡಿದು ಬಂದ ಹೊತ್ತಿಗೆ ಅದನ್ನು ನೋಡುವ ವೈದ್ಯರು ಇರದಿದ್ದರೆ ರೋಗಿ ಮರುದಿನ ಬರಬೇಕು. ಶಕ್ತಿ ಯೋಜನೆಯಿಂದ ಹೆಂಗಸರ ಬಸ್ ಚಾರ್ಜು ಉಳಿದಿರಬಹುದು, ಜೊತೆಗೆ ಬರುವ ಗಂಡನದೋ ಮಗನದೋ ಉಳಿದಿಲ್ಲ. 2025–26ರಲ್ಲಿ ಉದ್ಯೋಗ ಖಾತರಿಯ ದಿನಗೂಲಿಯೇ 370 ರೂಪಾಯಿ. ಇಬ್ಬರು ಎರಡು ದಿನ ಬಂದರೆ ಉಚಿತ ಚಿಕಿತ್ಸೆಯ ಬೆಲೆ 1,480 ರೂಪಾಯಿ ಎಂದಾಯಿತು. ಎಷ್ಟು ಹೊರರೋಗಿಗಳು ಬಂದರು ಎಂಬುದರ ಬದಲು, ಬಂದವರಲ್ಲಿ ಎಷ್ಟು ಮಂದಿಯ ಕೆಲಸ ಅದೇ ದಿನ ಮುಗಿಯಿತು ಎಂದು ಆಸ್ಪತ್ರೆ ತನ್ನನ್ನು ತಾನೇ ಕೇಳಿಕೊಂಡರೆ ಪ್ರಯೋಗಾಲಯದ ಸಮಯವೂ ಮಧ್ಯಾಹ್ನದ ಪಾಳಿಯೂ ತಾವಾಗಿ ಚರ್ಚೆಗೆ ಬರುತ್ತವೆ. ಮರುಭೇಟಿಯೂ ಹೊರರೋಗಿ ಲೆಕ್ಕಕ್ಕೇ ಜಮೆಯಾಗುವುದರಿಂದ, ಈಗಿನ ಕ್ರಮದಲ್ಲಿ ರೋಗಿಯನ್ನು ಎರಡು ಸಲ ಅಲೆಸಿದ ಆಸ್ಪತ್ರೆಯ ಅಂಕಿ ಒಂದೇ ಸಲಕ್ಕೆ ಮುಗಿಸಿದ ಆಸ್ಪತ್ರೆಯದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಹೊರಗಿನ ಚೀಟಿ ಇದಕ್ಕಿಂತ ಗಂಭೀರ. ‘ಹೊರಗೆ ಬರ್ಕೊಟ್ರು’ ಎಂಬ ಮಾತನ್ನು ಸರ್ಕಾರಿ ಆಸ್ಪತ್ರೆಗೆ ಹೋಗಿಬಂದವರ ಬಾಯಲ್ಲಿ ಕೇಳದವರು ನಮ್ಮಲ್ಲಿ ಇಲ್ಲ. ಬಾಣಂತಿಯರ ಮತ್ತು ನವಜಾತ ಶಿಶುಗಳ ಮಟ್ಟಿಗೆ ಇದು ನಿಯಮಕ್ಕೇ ವಿರುದ್ಧ. 2011ರ ಜೂನ್‌ನಲ್ಲಿ ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ, ಮನೆಗೆ ಬಿಟ್ಟುಬರುವ ವಾಹನ ಎಲ್ಲವೂ ಉಚಿತ, ಮತ್ತು ಅದಕ್ಕೆ ಬಿ.ಪಿ.ಎಲ್. ಕಾರ್ಡಿನ ಷರತ್ತಿಲ್ಲ. ಮಧ್ಯ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನ ಹೊರಗೆ ಬಂಧುವೊಬ್ಬರಿಗಾಗಿ ಒಂದು ರಾತ್ರಿ ಕಳೆದಾಗ, ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಕೈಯಲ್ಲಿ ಸಣ್ಣ ಚೀಟಿ ಹಿಡಿದುಕೊಂಡು, ಅದರಲ್ಲಿ ಏನು ಬರೆದಿದೆ, ಎಷ್ಟಾಗಬಹುದು ಎಂದು ಕೇಳಿದ್ದರು. ಬರೆದದ್ದು ಕೈಗವಸು ಮತ್ತು ಒಂದು ಇಂಜೆಕ್ಷನ್. ಹಣ ದೊಡ್ಡದಾಗಿರಲಿಲ್ಲ, ಆ ಹೊತ್ತಿಗೆ ಅವರ ಬಳಿ ಅಷ್ಟೂ ಇರಲಿಲ್ಲ.

ಹೊರಗೆ ಬರೆದುಕೊಡುವುದಕ್ಕೆಲ್ಲ ವೈದ್ಯರ ಸ್ವಾರ್ಥವೇ ಕಾರಣವೆಂದು ಷರಾ ಬರೆಯುವುದು ಅನ್ಯಾಯ. ರಾಜ್ಯದ ಸರ್ಕಾರಿ ಆಸ್ಪತ್ರೆಗಳಿಗೆ ಔಷಧಿ ಪೂರೈಸುವುದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಟೆಂಡರು ತಡವಾದರೆ, ಪೂರೈಕೆದಾರ ಹಿಂದೆ ಸರಿದರೆ, ಮಾದರಿ ಪರೀಕ್ಷೆಯಲ್ಲಿ ಔಷಧಿಯ ಬ್ಯಾಚು ತಿರಸ್ಕೃತವಾದರೆ ಜಿಲ್ಲಾ ಉಗ್ರಾಣದಲ್ಲಿ ಕಪಾಟು ಖಾಲಿ. ಆಸ್ಪತ್ರೆಯು ಸ್ಥಳೀಯವಾಗಿ ಖರೀದಿಸಬಹುದಾದರೂ ಅದಕ್ಕೆ ಆಸ್ಪತ್ರೆಯ ನಿರ್ವಹಣೆ ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿಯ ಖಾತೆಯಲ್ಲಿ ಹಣ ಬೇಕು, ನಿಯಮದ ಮಿತಿ ಮೀರಬಾರದು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಶಂಕೆ ಹರಿದದ್ದು ಅವರಿಗೆ ಡ್ರಿಪ್‌ನಲ್ಲಿ ಹಾಕಿದ ರಿಂಗರ್ ಲ್ಯಾಕ್ಟೇಟ್ ಎಂಬ ದ್ರಾವಣದ ಗುಣಮಟ್ಟದ ಮೇಲೆ. ಬೆಂಗಳೂರಿನ ಕಡತದಲ್ಲಿ ಆಗುವ ತಪ್ಪು ಜಿಲ್ಲೆಯ ವಾರ್ಡಿನಲ್ಲಿ ಜೀವ ತೆಗೆಯಬಹುದು ಎಂಬುದನ್ನು ಆ ಸಾವುಗಳು ಎಲ್ಲರ ಮುಂದಿಟ್ಟವು. ಜಿಲ್ಲಾಸ್ಪತ್ರೆಯ ಸಾಧನೆಯನ್ನು ಅಳೆಯುವಾಗ ಅದರ ಕೈಯಲ್ಲಿರುವುದೆಷ್ಟು, ಇಲ್ಲದ್ದೆಷ್ಟು ಎಂಬ ವಿವೇಚನೆ ಇರಬೇಕು.

2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರವು ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಜನೌಷಧ ಕೇಂದ್ರಗಳನ್ನು ಮುಚ್ಚಲು ಆದೇಶಿಸಿತು. ಆಸ್ಪತ್ರೆಯೇ ಉಚಿತ ಔಷಧಿ ಕೊಡುವಾಗ ಆವರಣದೊಳಗೆ ಮಾರಾಟದ ಅಂಗಡಿ ಏಕೆ ಎಂಬುದು ಸರ್ಕಾರದ ತರ್ಕ. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ರಾಜಕೀಯದ ಮಾತು ಬದಿಗಿಟ್ಟರೆ ಆ ತರ್ಕದಲ್ಲಿ ತಪ್ಪಿಲ್ಲ, ಆದರೆ ಅದು ನಿಲ್ಲುವುದು ಹೊರಗಿನ ಚೀಟಿ ನಿಜವಾಗಿ ನಿಂತಾಗ ಮಾತ್ರ. ಕಪಾಟು ಖಾಲಿ ಇರುವಾಗ ಅಗ್ಗದ ಅಂಗಡಿಯನ್ನು ಮುಚ್ಚಿದರೆ ರೋಗಿ ರಸ್ತೆ ದಾಟಿ ದುಬಾರಿ ಅಂಗಡಿಗೆ ಹೋಗುತ್ತಾನೆ. ಯಾವ ಔಷಧಿ ಎಷ್ಟಿದೆ ಎಂಬುದು ಇ-ಔಷಧ ತಂತ್ರಾಂಶದಲ್ಲಿ ದಾಖಲಾಗುತ್ತದೆ. ಬರೆದುಕೊಟ್ಟ ಔಷಧಿಗಳಲ್ಲಿ ಒಳಗೆ ಸಿಗದವು ಎಷ್ಟು ಎಂಬುದನ್ನು ಔಷಧಿ ಕೌಂಟರಿನಲ್ಲಿ ಒಂದು ಗೀಟು ಹಾಕಿ ಗುರುತಿಸಿಕೊಂಡರೂ ತಿಂಗಳ ಕೊನೆಗೆ ಆ ಲೆಕ್ಕ ಕೈಯಲ್ಲಿರುತ್ತದೆ.

ರೆಫರಲ್ ಚೀಟಿಯದು ಇನ್ನಷ್ಟು ಸಿಕ್ಕು. 2018ರ ಮಾರ್ಚಿನಲ್ಲಿ ಆರಂಭವಾಗಿ ಅದೇ ವರ್ಷ ಕೇಂದ್ರದ ಯೋಜನೆಯೊಂದಿಗೆ ಬೆಸೆದುಕೊಂಡ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ, ಸರ್ಕಾರ ಭರಿಸುತ್ತದೆ. ಸುಮಾರು 1,650 ಬಗೆಯ ಚಿಕಿತ್ಸೆಗಳನ್ನು ವಿಂಗಡಿಸಲಾಗಿದೆ. ಸರಳವಾದ ದ್ವಿತೀಯ ಹಂತದ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಜಟಿಲವಾದದ್ದು ಅಲ್ಲಿ ಲಭ್ಯವಿಲ್ಲದಿದ್ದರೆ ಮಾತ್ರ ಪತ್ರ ಪಡೆದು ಖಾಸಗಿಗೆ ಹೋಗಬಹುದು. ಸುಮಾರು 170 ತುರ್ತು ಚಿಕಿತ್ಸೆಗಳಿಗೆ ಪತ್ರ ಬೇಡ. ಸರ್ಕಾರಿ ಆಸ್ಪತ್ರೆಯನ್ನು ಬಲಪಡಿಸುವುದು, ಅದನ್ನು ದಾಟಿ ಹಣ ಖಾಸಗಿಗೆ ಸೋರದಂತೆ ನೋಡಿಕೊಳ್ಳುವುದು ಇದರ ಹಿಂದಿನ ಆಶಯ. ಸರ್ಕಾರಿ ಆಸ್ಪತ್ರೆ ಚಿಕಿತ್ಸೆ ಕೊಟ್ಟರೆ ಅದಕ್ಕೂ ಈ ಯೋಜನೆಯನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನಿಂದ ಹಣ ಬರುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಅಂದರೆ ಜಿಲ್ಲಾಸ್ಪತ್ರೆ ಬರೆದುಕೊಡುವ ಪ್ರತಿಯೊಂದು ರೆಫರಲ್ ಚೀಟಿಯ ಹಿಂದೆ, ಅಲ್ಲೇ ಆಗಬಹುದಾಗಿದ್ದ ಚಿಕಿತ್ಸೆಯಾದರೆ, ಆಸ್ಪತ್ರೆ ಕಳೆದುಕೊಂಡ ವರಮಾನವೂ ಇದೆ.

ಜನರ ಅನುಭವದಲ್ಲಿ ಆ ಪತ್ರವೇ ಒಂದು ಅಲೆದಾಟ. ಖಾಸಗಿ ಆಸ್ಪತ್ರೆಯಲ್ಲಿ ಮಲಗಿದ ಮೇಲೆ ‘ಜಿಲ್ಲಾಸ್ಪತ್ರೆಯಿಂದ ಲೆಟರ್ ತನ್ನಿ’ ಎಂಬ ಸೂಚನೆ, ಅದನ್ನು ತರಲು ಓಡುವ ಮಗ, ಸಹಿ ಮಾಡಬೇಕಾದ ಅಧಿಕಾರಿ ಸಭೆಯಲ್ಲಿದ್ದಾರೆಂಬ ಉತ್ತರ. ಹೀಗೆ ಪಡೆದ ಪತ್ರಗಳಲ್ಲಿ ಎಷ್ಟು ನಿಜವಾದ ವೈದ್ಯಕೀಯ ಅಗತ್ಯಕ್ಕೆ, ಎಷ್ಟು ರೋಗಿಯ ಆಯ್ಕೆಗೆ, ಎಷ್ಟು ಆಸ್ಪತ್ರೆಯ ಕೊರತೆಗೆ ಎಂದು ಬೇರ್ಪಡಿಸಿ ನೋಡಿದರೆ ಮುಂದಿನ ವರ್ಷ ಯಾವ ತಜ್ಞರನ್ನು ನೇಮಿಸಬೇಕು, ಯಾವ ಯಂತ್ರ ಕೊಳ್ಳಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಕೈಪಿಡಿ ಬೇರೆ ಬೇಕಿಲ್ಲ. ತಲೆಗೆ ಪೆಟ್ಟಾದವರನ್ನೇ ಹೆಚ್ಚಾಗಿ ಕಳಿಸಲಾಗುತ್ತಿದ್ದರೆ ನರಶಸ್ತ್ರಚಿಕಿತ್ಸಕರು ಬೇಕು. ರಾತ್ರಿ ಮಾತ್ರ ಹೆಚ್ಚಾಗಿ ಕಳಿಸಲಾಗುತ್ತಿದ್ದರೆ ತಜ್ಞರ ಕೊರತೆಯಿಲ್ಲ, ಪಾಳಿಯ ಕೊರತೆ ಇದೆ ಎಂದರ್ಥ.

ರಾಷ್ಟ್ರೀಯ ಹೆದ್ದಾರಿ 48 ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರಗಳನ್ನು ಪೋಣಿಸಿಕೊಂಡು ಹೋಗುವುದರಿಂದ ಅಪಘಾತದ ರೋಗಿಗಳ ಮಟ್ಟಿಗೆ ಈ ಪ್ರಶ್ನೆ ನಿತ್ಯದ್ದು. 2025ರ ಮೇ ತಿಂಗಳಲ್ಲಿ ಕೇಂದ್ರವು ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆ ತಂದಿತು. ಆದರೆ ಗಾಯಾಳುವನ್ನು ಚಿತ್ರದುರ್ಗದಿಂದ ದಾವಣಗೆರೆಗೆ, ಅಲ್ಲಿಂದ 260 ಕಿಲೋಮೀಟರು ದೂರದ ಬೆಂಗಳೂರಿಗೆ ಸಾಗಿಸುವಾಗ ಕಳೆಯುವ ಹೊತ್ತನ್ನು ಯಾವ ಯೋಜನೆಯೂ ಮರಳಿ ಕೊಡಲಾರದು.

ಇದೇ ಸಂದರ್ಭದಲ್ಲಿ ಇನ್ನೊಂದು ಚೀಟಿಯನ್ನೂ ಹೇಳಲೇಬೇಕು. ವೈದ್ಯರ ಸಲಹೆಗೆ ವಿರುದ್ಧವಾಗಿ ನಾವೇ ಕರೆದುಕೊಂಡು ಹೋಗುತ್ತಿದ್ದೇವೆ ಎಂದು ಕಡೆಯವರು ಸಹಿ ಹಾಕುವ ಕಾಗದ ಅದು. ಎಲ್ಲ ಆಸ್ಪತ್ರೆಗಳಲ್ಲೂ ಅದು ಇರುತ್ತದೆ, ಇರಬೇಕಾದದ್ದೂ ಹೌದು. ಆದರೆ ‘ಇಲ್ಲಿ ಐ.ಸಿ.ಯು. ಖಾಲಿ ಇಲ್ಲ, ಬೇಕಾದರೆ ಮುಂದಕ್ಕೆ ಕರೆದುಕೊಂಡು ಹೋಗಿ’ ಎಂದು ಬಾಯಿಮಾತಿನಲ್ಲಿ ಹೇಳಿ, ಕಾಗದದಲ್ಲಿ ಕಡೆಯವರ ಸಹಿ ಪಡೆದರೆ, ದಾಖಲೆಯ ಪ್ರಕಾರ ರೋಗಿಯನ್ನು ಕಳಿಸಿದ್ದು ಆಸ್ಪತ್ರೆಯಲ್ಲ, ಹೋದದ್ದು ರೋಗಿಯೇ. ಯಾವುದೇ ಆಸ್ಪತ್ರೆಯಲ್ಲಿ ರೆಫರಲ್‌ಗಳು ಕಡಿಮೆಯಾಗಿ ಇಂಥ ಬಿಡುಗಡೆಗಳು ಹೆಚ್ಚಾಗಿ ಕಂಡರೆ ಅದನ್ನು ಸುಧಾರಣೆ ಎಂದು ಒಪ್ಪಿಕೊಳ್ಳುವ ಮೊದಲು ಆ ಕಾಗದಗಳನ್ನು ಒಂದೊಂದಾಗಿ ತೆರೆದು ನೋಡಬೇಕು.

ರೆಫರಲ್ ಎಂಬುದನ್ನು ಬೇರೆ ರೀತಿ ಮಾಡಬಹುದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆಯಿದೆ. ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ, ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವರಿಗೆ ಅಲ್ಲೇ ಇ.ಸಿ.ಜಿ. ತೆಗೆದು, ದೂರದ ಕೇಂದ್ರದಲ್ಲಿರುವ ಹೃದ್ರೋಗ ತಜ್ಞರಿಗೆ ಕಳಿಸಿ, ಹೃದಯಾಘಾತ ಖಚಿತವಾದರೆ ರಕ್ತದ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಅಲ್ಲೇ ಕೊಡುತ್ತಾರೆ. ಆಮೇಲೆ ಮುಂದಕ್ಕೆ ಕಳಿಸುವುದು. ಇಲ್ಲಿ ರೋಗಿಯ ಬದಲು ತಜ್ಞರ ಅಭಿಪ್ರಾಯ ಪ್ರಯಾಣ ಮಾಡುತ್ತದೆ. ಚಿಕಿತ್ಸೆ ಮೊದಲು, ಆಂಬುಲೆನ್ಸು ನಂತರ. ಪಾರ್ಶ್ವವಾಯು, ಹಾವು ಕಡಿತ, ವಿಷಸೇವನೆಯಂಥ, ಹೊಲಮನೆಯ ಜನರನ್ನು ಹೆಚ್ಚಾಗಿ ಕಾಡುವ ತುರ್ತುಗಳಿಗೂ ಇದೇ ಕ್ರಮ ಬಂದರೆ ಜಿಲ್ಲಾಸ್ಪತ್ರೆಯ ಬಾಗಿಲಲ್ಲಿ ನಿಲ್ಲುವ ಆಂಬುಲೆನ್ಸುಗಳ ಸಾಲು ತಾನಾಗಿ ಕಡಿಮೆಯಾಗುತ್ತದೆ.

ತಾಯಂದಿರ ಮರಣದ ಅಂಕಿಯನ್ನು ಓದುವಾಗಲೂ ರೆಫರಲ್ಲನ್ನು ಮರೆಯುವಂತಿಲ್ಲ. 2018–20ರ ಅವಧಿಯಲ್ಲಿ ಕರ್ನಾಟಕದಲ್ಲಿ ಪ್ರತಿ 1 ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸತ್ತರು. ದೇಶದ ಸರಾಸರಿಯಾದ 97ಕ್ಕಿಂತ ಇದು ಕಡಿಮೆಯಾದರೂ ಕೇರಳದಲ್ಲಿ ಅದು 19, ತಮಿಳುನಾಡಿನಲ್ಲಿ 54. ನಮ್ಮಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅಂದರೆ ಮನೆಯಲ್ಲಿ ಹೆರಿಗೆಯಾಗಿ ಸಾಯುತ್ತಾರೆ ಎಂಬ ಹಳೆಯ ವಿವರಣೆ ಈಗ ಸಾಲದು. ಮನೆಯಲ್ಲಿ ನಿರ್ಧರಿಸಲು ತಡ, ಆಸ್ಪತ್ರೆ ತಲುಪಲು ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗಲು ತಡ ಎಂಬ ಮೂರು ವಿಳಂಬಗಳಲ್ಲಿ ಈಗ ಹೆಚ್ಚು ಗಮನ ಬೇಡುವುದು ಮೂರನೆಯದು. ಅದು ಅನೇಕ ಸಲ ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತವಿಲ್ಲದ, ಅರಿವಳಿಕೆ ವೈದ್ಯರಿಲ್ಲದ ಹೊತ್ತಿನಲ್ಲಿ ಆರಂಭವಾಗಿ, ಜಿಲ್ಲಾಸ್ಪತ್ರೆಯ ಮೇಜಿನ ಮೇಲೆ ಸಾವಾಗಿ ದಾಖಲಾಗುತ್ತದೆ. ದೊಡ್ಡಾಸ್ಪತ್ರೆಯಲ್ಲಿ ಸಾವು ಹೆಚ್ಚು ಎಂದು ಜನ ಹೇಳುವಾಗ ಈ ಒಂದು ವಿಚಾರವನ್ನು ಅದರ ವೈದ್ಯರ ಪರವಾಗಿ ಹೇಳಬೇಕು: ಕೊನೆಯ ಗಳಿಗೆಯಲ್ಲಿ ಬಂದವರನ್ನೂ ಬಾಗಿಲಲ್ಲಿ ತಡೆಯದೆ ಒಳಗೆ ತೆಗೆದುಕೊಳ್ಳುವ ಆಸ್ಪತ್ರೆಯಲ್ಲಿ ಸಾವಿನ ಸಂಖ್ಯೆ ಹೆಚ್ಚಿರುತ್ತದೆ. ಎಷ್ಟು ಹೊತ್ತಿಗೆ ಬಂದರು, ಯಾವ ಸ್ಥಿತಿಯಲ್ಲಿ ಬಂದರು, ಬಂದ ಎಷ್ಟು ನಿಮಿಷಕ್ಕೆ ಚಿಕಿತ್ಸೆ ಶುರುವಾಯಿತು ಎಂಬುದನ್ನು ಬಿಟ್ಟು ಬರೀ ಸಾವನ್ನು ಎಣಿಸಿದರೆ, ಕಷ್ಟದ ರೋಗಿಗಳನ್ನು ಬೇರೆಡೆಗೆ ದಾಟಿಸಿಬಿಡುವ ಆಸ್ಪತ್ರೆಗೇ ಬಹುಮಾನ ಸಿಗುತ್ತದೆ.

ಒಮ್ಮೆಗೇ ಬಂದೆರಗುವ ಭಾರವನ್ನು ಆಸ್ಪತ್ರೆ ಹೇಗೆ ಹೊರುತ್ತದೆ ಎಂಬುದೂ ಒಂದು ಪರೀಕ್ಷೆ. 2023ರ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ವಾಂತಿ–ಭೇದಿಯಿಂದ ಬಳಲಿದರು, ಕೆಲವರು ಜೀವ ಕಳೆದುಕೊಂಡರು. ನೀರಿನ ಕೊಳವೆಯ ತಪ್ಪಿಗೆ ಜಿಲ್ಲಾಸ್ಪತ್ರೆಯ ವಾರ್ಡು ತುಂಬಿತು. ಇಂಥ ದಿನಗಳಿಗೆ ಹೆಚ್ಚುವರಿ ಹಾಸಿಗೆಗಿಂತ ಹೆಚ್ಚುವರಿ ಕೈಗಳು ಬೇಕು. ಡ್ರಿಪ್ ಹಾಕುವ ಶುಶ್ರೂಷಕಿ, ಮೂತ್ರದ ಪ್ರಮಾಣ ಗಮನಿಸುವ ಸಹಾಯಕ, ನೆಲ ಒರೆಸುವ ಕಾರ್ಮಿಕ. ಇವರಲ್ಲಿ ದೊಡ್ಡ ಪಾಲು ಗುತ್ತಿಗೆ, ಹೊರಗುತ್ತಿಗೆಯವರು. ಅವರ ಸಂಬಳ ತಿಂಗಳು ತಿಂಗಳು ಸರಿಯಾಗಿ ಆಗುತ್ತಿದೆಯೇ ಎಂಬುದು ನನ್ನ ದೃಷ್ಟಿಯಲ್ಲಿ ಆಸ್ಪತ್ರೆಯ ಕಾರ್ಯಕ್ಷಮತೆಯ ಅಂಕಿಯೇ ಹೊರತು ಸಿಬ್ಬಂದಿ ಶಾಖೆಯ ಒಳವಿಷಯವಲ್ಲ.

ಈ ಲೆಕ್ಕಗಳಿಗೆಲ್ಲ ಹೊಸ ಸಮೀಕ್ಷೆ ಬೇಕಿಲ್ಲ. 2008ರಿಂದ ಸರ್ಕಾರಿ ಆಸ್ಪತ್ರೆಗಳು ಪ್ರತಿ ತಿಂಗಳೂ ಆರೋಗ್ಯ ನಿರ್ವಹಣಾ ಮಾಹಿತಿ ವ್ಯವಸ್ಥೆಗೆ ನೂರಾರು ಅಂಕಿಗಳನ್ನು ತುಂಬುತ್ತಿವೆ. ಯೋಜನೆಯ ರೋಗಿಗಳ ವಿವರ ಟ್ರಸ್ಟಿನ ತಂತ್ರಾಂಶದಲ್ಲಿದೆ, ಆಂಬುಲೆನ್ಸಿನ ಸಮಯ 108ರ ದಾಖಲೆಯಲ್ಲಿದೆ. ಅವು ಮೇಲಕ್ಕೆ ಹೋಗುತ್ತವೆ, ಆಸ್ಪತ್ರೆಯ ಅಂಗಳಕ್ಕೆ ಮರಳುವುದಿಲ್ಲ. ಗೋಡೆಯ ಮೇಲೆ ನಾಗರಿಕ ಸನ್ನದು ಇರುತ್ತದೆ, ಯಾವ ಸೇವೆ ಉಚಿತ ಎಂದು ಬಣ್ಣದಲ್ಲಿ ಬರೆದಿರುತ್ತದೆ. ಕಳೆದ ತಿಂಗಳು ಎಷ್ಟು ಜನರಿಗೆ ಹೊರಗಿನ ಚೀಟಿ ಕೊಟ್ಟೆವು, ಎಷ್ಟು ಜನರನ್ನು ಯಾವ ಕಾರಣಕ್ಕೆ ಬೇರೆಡೆಗೆ ಕಳಿಸಿದೆವು, ಶಸ್ತ್ರಚಿಕಿತ್ಸೆಗೆ ಎಷ್ಟು ದಿನ ಕಾಯಿಸಿದೆವು ಎಂದು ಬರೆದ ಫಲಕ ಇರುವುದಿಲ್ಲ. ಅಂಥ ಫಲಕ ಹಾಕುವ ವೈದ್ಯಾಧಿಕಾರಿಗೆ ಮೊದಲ ತಿಂಗಳು ಟೀಕೆಯೇ ಸಿಗುತ್ತದೆ. ಆದರೆ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಹಣ ಕೇಳುವಾಗ, ಜಿಲ್ಲಾ ಉಸ್ತುವಾರಿ ಸಚಿವರ ಮುಂದೆ ತಜ್ಞರ ಹುದ್ದೆ ಕೇಳುವಾಗ ಅದಕ್ಕಿಂತ ಗಟ್ಟಿಯಾದ ಆಧಾರ ಅವರಿಗೆ ಇನ್ನೊಂದಿರದು.

ಉಳಿದದ್ದು ಬಿಡುಗಡೆ ಚೀಟಿ. ವಾರ್ಡಿನಿಂದ ಮನೆಗೆ ಹೊರಟವರ ಕೈಗೆ ಕೊಡುವ ಆ ಹಾಳೆ ಇಂಗ್ಲಿಷಿನಲ್ಲಿ, ಅವಸರದ ಕೈಬರಹದಲ್ಲಿ ಇರುತ್ತದೆ. ಹತ್ತು ದಿನಗಳ ನಂತರ ಹೊಲಿಗೆ ಬಿಚ್ಚಿಸಬೇಕು, ಜ್ವರ ಬಂದರೆ ತಕ್ಷಣ ಬರಬೇಕು, ಈ ಮಾತ್ರೆಯನ್ನು ನಿಲ್ಲಿಸಬಾರದು ಎಂಬುದನ್ನು ಸಿಸ್ಟರ್ ಬಾಯಲ್ಲಿ ಒಮ್ಮೆ ಹೇಳಿರುತ್ತಾರೆ. ಊರಿಗೆ ಹೋದ ಮೇಲೆ ಅದನ್ನು ಓದಬೇಕಾದವರು ಹಳ್ಳಿಯ ಆಶಾ ಕಾರ್ಯಕರ್ತೆ, ಮತ್ತು ಆ ಹಾಳೆಯಲ್ಲಿರುವ ಕೈಬರಹ ಆಕೆಗೂ ಓದಲು ಬರುವುದಿಲ್ಲ. ಬಿ.ಪಿ. ಮಾತ್ರೆಯ ಹೆಸರು, ಹೊತ್ತು, ಮತ್ತೆ ಬರಬೇಕಾದ ತಾರೀಖು ಇಷ್ಟನ್ನಾದರೂ ಕನ್ನಡದಲ್ಲಿ ಅಚ್ಚು ಹಾಕಿ ಕೊಡಲು ಮಂಜೂರಾತಿಯೂ ಬೇಡ, ಟೆಂಡರೂ ಬೇಡ. ವಾರ್ಡಿನ ಕಂಪ್ಯೂಟರಿನಲ್ಲಿ ಒಂದು ನಮೂನೆ ಸಿದ್ಧಪಡಿಸಿದರೆ ಸಾಕು.